ಕುಳಿತವರ ಕೈಯಲ್ಲಿ ನಿಂತವರ ಕೋಲು

ಸ್ಕೀ ಬೆಟ್ಟದ ಬುಡದಲ್ಲಿ ಚೇರ್‌ಲಿಫ್ಟ್ ಹತ್ತಲು ಸಾಲುಗಟ್ಟಿದವರ ಕೈಗಳನ್ನಷ್ಟೇ ಒಂದಷ್ಟು ಹೊತ್ತು ಗಮನಿಸಬೇಕು. ಮುಖ ಬೇಡ, ಬಣ್ಣಬಣ್ಣದ ಜಾಕೆಟ್ ಬೇಡ, ಕೈ ಸಾಕು. ಮುಂದೆ ಇನ್ನೂ ಐದಾರು ಜನ ಇರುವಾಗಲೇ ಪಳಗಿದವರ ಮಣಿಕಟ್ಟಿನಿಂದ ಕೋಲಿನ ಪಟ್ಟಿ ಜಾರಿ ಹೊರಬರುತ್ತದೆ. ಎರಡು ಕೋಲೂ ಜೋಡಿಯಾಗುತ್ತವೆ. ಅಂಬಿಗ ಹುಟ್ಟು ಹಾಕುವ ಹಾಗೆ ಆ ಜೋಡಿಯನ್ನು ಹಿಮಕ್ಕೆ ಊರಿ ಒಂದು ಸಣ್ಣ ನೂಕು ನೂಕಿದರೆ ಗೇಟು ದಾಟಿ ಮೊದಲ ಗೆರೆ. ಅಲ್ಲಿ ಕೋಲುಗಳು ಒಂದೇ ಕೈಗೆ ಸೇರುತ್ತವೆ. ಖಾಲಿಯಾದ ಕೈ ಹಿಂದಕ್ಕೆ ಚಾಚುತ್ತದೆ, ತಲೆ ಅದೇ ಕಡೆಯ ಭುಜದತ್ತ ಹೊರಳುತ್ತದೆ, ತೇಲಿಬಂದ ಕುರ್ಚಿಯ ಅಂಚು ಬೆರಳಿಗೆ ತಗಲುತ್ತದೆ, ಮಂಡಿ ಮಡಚುತ್ತದೆ. ಅಷ್ಟರಲ್ಲಿ ನೆಲ ಕಾಲಿನಿಂದ ದೂರವಾಗಿರುತ್ತದೆ.

ಇಷ್ಟಕ್ಕೆ ಸಿಗುವ ಸಮಯ ಸುಮಾರು ಆರು ಸೆಕೆಂಡು. ಗಂಟೆಗೆ 2400 ಜನರನ್ನು ಮೇಲಕ್ಕೊಯ್ಯುವ ನಾಲ್ಕು ಸೀಟಿನ ಲಿಫ್ಟ್ ಅಂದರೆ ಗಂಟೆಗೆ 600 ಕುರ್ಚಿ. ಒಂದು ಕುರ್ಚಿ ಹೋದ ಮೇಲೆ ಇನ್ನೊಂದು ಬರುವುದರೊಳಗೆ ಆರೇ ಸೆಕೆಂಡು. ಆರು ಸೀಟಿನ ಲಿಫ್ಟ್ ಗಂಟೆಗೆ 3600 ಜನರನ್ನು ಹೊರುವುದಾದರೆ ಅಲ್ಲೂ ಇದೇ ಆರು ಸೆಕೆಂಡಿನ ಲೆಕ್ಕ. ಹೊಸಬರ ಕೈ ಈ ಆರು ಸೆಕೆಂಡಿನಲ್ಲಿ ಏನು ಮಾಡಬೇಕೆಂದು ತೋಚದೆ ಗಲಿಬಿಲಿಗೊಳ್ಳುತ್ತದೆ. ಪಟ್ಟಿ ಮಣಿಕಟ್ಟಿನಲ್ಲೇ ಉಳಿದಿರುತ್ತದೆ, ಒಂದು ಕೋಲು ಬಲಕ್ಕೆ, ಇನ್ನೊಂದು ಎಡಕ್ಕೆ ಚಾಚಿರುತ್ತದೆ. ಕುರ್ಚಿ ಹಿಂದಿನಿಂದ ಬಂದು ಮಂಡಿಗೆ ಬಡಿಯುವ ಹೊತ್ತಿಗೆ ಪಕ್ಕದವರ ಬೂಟಿನ ನಡುವೆ ಕೋಲಿನ ಮೊನೆ ಸಿಕ್ಕಿಕೊಂಡಿರುತ್ತದೆ.

ಇದು ಬರೀ ಅಭ್ಯಾಸದ ಕೊರತೆ ಎಂದುಕೊಂಡರೆ ಅರ್ಧ ಮಾತು ಬಿಟ್ಟಂತೆ. ಕೋಲು ತಯಾರಾಗಿದ್ದು ನಿಂತ ದೇಹಕ್ಕೆ. ಚೇರ್‌ಲಿಫ್ಟ್ ತಯಾರಾಗಿದ್ದು ಕುಳಿತ ದೇಹಕ್ಕೆ. ಇವೆರಡನ್ನೂ ಹೊಂದಿಸುವ ಕೆಲಸವನ್ನು ಯಾವ ಎಂಜಿನಿಯರೂ ಪೂರ್ತಿಯಾಗಿ ಮಾಡಲಿಲ್ಲ. ಉಳಿದದ್ದನ್ನು ಸವಾರರ ಕೈಗಳೇ ಕಲಿತವು, ಒಬ್ಬರಿಂದೊಬ್ಬರು ನೋಡಿ ಕಲಿತವು.

ಚೇರ್‌ಲಿಫ್ಟ್‌ನ ಹುಟ್ಟನ್ನು ನೋಡಿದರೆ ಈ ಕೊರತೆ ಎಲ್ಲಿಂದ ಬಂತೆಂದು ತಿಳಿಯುತ್ತದೆ. 1930ರ ದಶಕದ ನಡುವೆ ಯೂನಿಯನ್ ಪೆಸಿಫಿಕ್ ರೈಲ್ವೆಯ ಅಧ್ಯಕ್ಷ ಆವ್ರೆಲ್ ಹ್ಯಾರಿಮನ್ ತಮ್ಮ ರೈಲುಗಳಿಗೆ ಚಳಿಗಾಲದಲ್ಲೂ ಪ್ರಯಾಣಿಕರು ಸಿಗಲೆಂದು ಐಡಾಹೊ ರಾಜ್ಯದ ಬೆಟ್ಟಗಳ ನಡುವೆ ಸನ್ ವ್ಯಾಲಿ ಎಂಬ ಸ್ಕೀ ತಾಣ ಕಟ್ಟಿಸಲು ಹೊರಟರು. ಬೆಟ್ಟವೇನೋ ಸಿಕ್ಕಿತು. ಜನರನ್ನು ಮೇಲಕ್ಕೆ ಒಯ್ಯುವುದು ಹೇಗೆ? ಯುರೋಪಿನಲ್ಲಿ ಆಗಲೇ ಎಳೆಯುವ ಲಿಫ್ಟ್‌ಗಳಿದ್ದವು. 1908ರಲ್ಲಿ ಜರ್ಮನಿಯ ಕಪ್ಪು ಕಾಡಿನ ಷೋಲಾಖ್ ಎಂಬ ಹಳ್ಳಿಯಲ್ಲಿ ರಾಬರ್ಟ್ ವಿಂಟರ್‌ಹಾಲ್ಡರ್ ನೀರಿನ ಗಿರಣಿಯ ಬಲದಿಂದ ಹಗ್ಗ ತಿರುಗಿಸಿ ಅಂಥದೊಂದನ್ನು ನಡೆಸಿದ್ದರು. 1934ರ ಕ್ರಿಸ್‌ಮಸ್ ಹಿಂದಿನ ದಿನ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಅರ್ನ್‌ಸ್ಟ್ ಕಾನ್‌ಸ್ಟಾಮ್ ಅವರ ಲಿಫ್ಟ್ ಶುರುವಾಗಿತ್ತು. ಇವುಗಳಲ್ಲಿ ಜನ ಕೂರುವಂತಿಲ್ಲ. ಸ್ಕೀ ಹಿಮದ ಮೇಲೇ ಇರುತ್ತದೆ, ಹಗ್ಗ ಎಳೆದುಕೊಂಡು ಹೋಗುತ್ತದೆ.

ನೆಬ್ರಾಸ್ಕದ ಒಮಾಹಾದಲ್ಲಿ ರೈಲ್ವೆಯ ಎಂಜಿನಿಯರ್ ಆಗಿದ್ದ ಜೇಮ್ಸ್ ಕರನ್ ಹಿಂದೆ ಹಡಗುಗಳಿಗೆ ಬಾಳೆಗೊನೆ ತುಂಬುವ ಯಂತ್ರವ್ಯವಸ್ಥೆಯ ಕೆಲಸ ನೋಡಿದ್ದವರು. ನಿಲ್ಲದೆ ಸುತ್ತುವ ಹಗ್ಗದಿಂದ ಕೊಕ್ಕೆಗಳು ತೂಗುತ್ತವೆ, ಕೊಕ್ಕೆಗೊಂದು ಗೊನೆ ಸಿಕ್ಕಿಸಿದರೆ ಅದು ತಾನಾಗಿ ಹಡಗಿನತ್ತ ಸಾಗುತ್ತದೆ. ಕೊಕ್ಕೆಯ ಜಾಗದಲ್ಲಿ ಕುರ್ಚಿ ಇಟ್ಟರೆ? ಕರನ್ ನಕ್ಷೆ ಬರೆದರು. ಮೇಲಿನವರಿಗೆ ಅದು ಅಪಾಯದ ಯೋಚನೆಯಾಗಿ ಕಂಡು ಬದಿಗೆ ಸರಿಯಿತು. ಸಲಹೆಗೆಂದು ಬಂದಿದ್ದ ಹೆಸರಾಂತ ಸ್ಕೀಪಟು ಚಾರ್ಲಿ ಪ್ರಾಕ್ಟರ್ ಅದನ್ನು ಕಂಡು ಮೆಚ್ಚಿದ್ದರಿಂದ ಅದಕ್ಕೆ ಮತ್ತೆ ಜೀವ ಬಂತು.

ಪರೀಕ್ಷೆ ನಡೆದದ್ದು 1936ರ ಬೇಸಿಗೆಯಲ್ಲಿ, ಹಿಮದ ಸುಳಿವಿಲ್ಲದ ಒಮಾಹಾದ ರೈಲ್ವೆ ಅಂಗಳದಲ್ಲಿ. ಟ್ರಕ್ಕೊಂದರ ಪಕ್ಕಕ್ಕೆ ಕುರ್ಚಿ ತೂಗಿಹಾಕಿದರು. ಒಬ್ಬರು ಹುಲ್ಲಿನ ಹಾಸಿನ ಮೇಲೆ ಸ್ಕೀ ಹಾಕಿಕೊಂಡು ನಿಂತರು. ಅದು ಸರಿಹೋಗದೆ ಕಾಂಕ್ರೀಟಿನ ಮೇಲೆ ಚಕ್ರದ ಸ್ಕೇಟ್ ಕಟ್ಟಿಕೊಂಡು ನಿಂತರು. ಟ್ರಕ್ ಹಿಂದಿನಿಂದ ಬಂದು ನಿಂತವರನ್ನು ಕುರ್ಚಿಗೆ ಎತ್ತಿಕೊಳ್ಳಬೇಕು. ಯಾವ ವೇಗದಲ್ಲಿ ಬಂದರೆ ಮನುಷ್ಯ ಬೀಳದೆ ಕೂರಬಲ್ಲ ಎಂದು ಹೀಗೆ ಅಳೆದು, ಗಂಟೆಗೆ 4ರಿಂದ 5 ಮೈಲಿ ಎಂದು ಗೊತ್ತುಮಾಡಿದರು. ಆ ಡಿಸೆಂಬರಿನಲ್ಲಿ ಸನ್ ವ್ಯಾಲಿ ಬಾಗಿಲು ತೆರೆದಾಗ ಜಗತ್ತಿನ ಮೊದಲ ಚೇರ್‌ಲಿಫ್ಟ್‌ಗಳು ಓಡಿದವು. ಒಂದೊಂದು ಕುರ್ಚಿಗೂ ಒಬ್ಬರೇ ಸವಾರರು. ಹಗ್ಗಕ್ಕೆ ಕುರ್ಚಿಯನ್ನು ಬಿಗಿಯಾಗಿ ಕಚ್ಚಿಸಿದ ಇಂದಿನ ಮಾಮೂಲಿ ಲಿಫ್ಟ್‌ಗಳೂ ಸೆಕೆಂಡಿಗೆ ಎರಡೂವರೆ ಮೀಟರಿನ ಆಸುಪಾಸಿನಲ್ಲೇ ಓಡುತ್ತವೆ. ಒಮಾಹಾದ ಆ ಬೇಸಿಗೆಯ ಅಂದಾಜು ಈಗಲೂ ಹೆಚ್ಚು ಹಳತಾಗಿಲ್ಲ.

ಬಾಳೆಗೊನೆಗೆ ಕೈಯಿಲ್ಲ, ಕೈಯಲ್ಲಿ ಕೋಲೂ ಇಲ್ಲ. ಮನುಷ್ಯ ಹಾಗಲ್ಲ. ಅವನು ಲಿಫ್ಟಿನವರೆಗೆ ಬರುವುದೇ ಕೋಲು ಊರಿಕೊಂಡು. ಹತ್ತುವ ಜಾಗವನ್ನು ಬೇಕೆಂದೇ ಸಮತಟ್ಟಾಗಿ ಇಟ್ಟಿರುತ್ತಾರೆ, ಆದ್ದರಿಂದ ಕೊನೆಯ ಗೆರೆ ಮುಟ್ಟುವ ತನಕ ಕೋಲಿನ ನೂಕು ಬೇಕೇ ಬೇಕು. ಗೆರೆ ಮುಟ್ಟಿದ ಮರುಕ್ಷಣ ಅದೇ ಕೋಲು ಅಡ್ಡಿಯಾಗುತ್ತದೆ. ಮೊದಲೇ ಮಡಚಿಡಲು ಬರುವುದಿಲ್ಲ, ಆಮೇಲೆ ಮಾಡೋಣವೆಂದರೆ ಪುರುಸೊತ್ತಿಲ್ಲ. ತೊಡಕಿನ ಮೂಲ ಇಲ್ಲಿದೆ.

ಕೋಲಿನ ಕಥೆ ಲಿಫ್ಟಿಗಿಂತ ಎಷ್ಟೋ ಹಳೆಯದು. ಸ್ಕೀ ಹಾಕಿದ ಮನುಷ್ಯರ ಚಿತ್ರಗಳು ನಾರ್ವೆಯ ಬಂಡೆಗಳ ಮೇಲೆ ಸಾವಿರಾರು ವರ್ಷಗಳಿಂದ ಇವೆ. ಬಹುಕಾಲ ಸ್ಕೀಗೆ ಜೊತೆಯಾಗಿದ್ದುದು ಒಂದೇ ಒಂದು ಉದ್ದನೆಯ ಕೋಲು. ಹತ್ತೊಂಬತ್ತನೇ ಶತಮಾನದ ಕೊನೆಗೆ ಆಸ್ಟ್ರಿಯದ ಲಿಲಿಯೆನ್‌ಫೆಲ್ಡ್‌ನಲ್ಲಿ ಮಥಿಯಾಸ್ ಜ್ದಾರ್ಸ್ಕಿ ಆಲ್ಪ್ಸ್‌ನ ಕಡಿದಾದ ಇಳಿಜಾರಿಗೆಂದೇ ಸ್ಕೀಯಿಂಗ್ ಪಾಠ ರೂಪಿಸಿದಾಗಲೂ ಅವರ ಶಿಷ್ಯರ ಕೈಯಲ್ಲಿ ಇದ್ದದ್ದು ಒಂದೇ ಕೋಲು. ಎರಡು ಕೋಲು ರೂಢಿಗೆ ಬಂದದ್ದು ಆಮೇಲೆ. ಹೇಜಲ್ ಮರ, ಬಿದಿರು, ಬಳಿಕ ಉಕ್ಕು. ಬಿದಿರು ಹಗುರ, ಆದರೆ ಸೀಳುತ್ತದೆ. ಉಕ್ಕು ಗಟ್ಟಿ, ಆದರೆ ಕೈ ಸೋಲುತ್ತದೆ. 1958ರಲ್ಲಿ ಎಂಜಿನಿಯರೂ ಸ್ಕೀ ಸ್ಪರ್ಧಿಯೂ ಆಗಿದ್ದ ಎಡ್ ಸ್ಕಾಟ್ ತುದಿಯತ್ತ ಸಣ್ಣಗಾಗುತ್ತ ಹೋಗುವ ಅಲ್ಯೂಮಿನಿಯಂ ಕೊಳವೆಯ ಕೋಲು ತಯಾರಿಸಿದರು. ಕೆಲವೇ ವರ್ಷಗಳಲ್ಲಿ ಬಿದಿರು, ಉಕ್ಕು ಎರಡೂ ಮೂಲೆ ಸೇರಿದವು. ಸ್ಕಾಟ್ ಇದ್ದ ಊರು ಸನ್ ವ್ಯಾಲಿ! ಕುರ್ಚಿ ಮೊದಲು ಓಡಿದ ಊರಿನಲ್ಲೇ ಇಪ್ಪತ್ತೆರಡು ವರ್ಷಗಳ ನಂತರ ಇಂದಿನ ಕೋಲೂ ಹುಟ್ಟಿತು. ಹೀಗಿದ್ದೂ ಎರಡಕ್ಕೂ ಹೊಂದಾಣಿಕೆಯಾಗಲಿಲ್ಲ ಎಂಬುದು ಸೋಜಿಗದ ಸಂಗತಿ.

ಏಕೆ ಆಗಲಿಲ್ಲ ಎಂಬುದನ್ನು ಅಳತೆ ಪಟ್ಟಿಯೊಂದು ಹೇಳುತ್ತದೆ.

ಕೋಲು ಆರಿಸುವ ಹಳೆಯ ಕ್ರಮ ಹೀಗಿದೆ. ಕೋಲನ್ನು ತಲೆಕೆಳಗು ಮಾಡಿ ನೆಲಕ್ಕೆ ಊರಿ, ಮೊನೆಯ ಬಳಿ ಇರುವ ಬಿಲ್ಲೆಯ ಕೆಳಗೆ ಹಿಡಿಯಬೇಕು. ಈ ಬಿಲ್ಲೆಗೆ ಸ್ಕೀಯವರು ಬಾಸ್ಕೆಟ್ ಎನ್ನುತ್ತಾರೆ, ಕೋಲು ಹಿಮದೊಳಗೆ ಪೂರ್ತಿ ಹೂತುಹೋಗದಂತೆ ತಡೆಯುವುದು ಅದರ ಕೆಲಸ. ಹಾಗೆ ಹಿಡಿದಾಗ ಮೊಣಕೈ ಲಂಬಕೋನಕ್ಕೆ ಮಡಚಿದರೆ ಕೋಲಿನ ಉದ್ದ ಸರಿ. ವಯಸ್ಕರಿಗೆ ಇದು ಸಾಮಾನ್ಯವಾಗಿ 110ರಿಂದ 130 ಸೆಂಟಿಮೀಟರಿನ ನಡುವೆ ಬರುತ್ತದೆ. ಈಗ ಅದೇ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿ. ಸೀಟು ನೆಲದಿಂದ ಸುಮಾರು ಅರ್ಧ ಮೀಟರ್, ತೊಡೆಯ ಮೇಲಿಟ್ಟ ಕೈ ಸುಮಾರು 70 ಸೆಂಟಿಮೀಟರ್ ಎತ್ತರದಲ್ಲಿದೆ ಅನ್ನಿ. 120 ಸೆಂಟಿಮೀಟರಿನ ಕೋಲನ್ನು ಆ ಕೈಯಿಂದ ನೇರ ಕೆಳಗೆ ಬಿಟ್ಟರೆ ಅರ್ಧ ಮೀಟರ್ ಕೋಲು ಹಿಮದ ಒಳಗಿರಬೇಕಾಗುತ್ತದೆ! ಹಾಗಾಗಲು ಬಿಡದೆ ಮೊನೆ ಹಿಮವನ್ನು ಸವರುವಂತಿರಬೇಕಾದರೂ ಕೋಲು ನೇರ ನಿಲುವಿನಿಂದ ಐವತ್ತು ಡಿಗ್ರಿಗೂ ಹೆಚ್ಚು ವಾಲಬೇಕು. ಯಾವ ಕಡೆಗೆ ವಾಲಬೇಕು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಅದಕ್ಕೆ ಮುಂಚೆ ಪಟ್ಟಿಯ ಮಾತು. ಕೋಲಿನ ಹಿಡಿಗೆ ಜೋಡಿಸಿದ ಈ ಕುಣಿಕೆ ಬರೀ ಕೋಲು ಕಳೆದುಹೋಗದಿರಲೆಂದು ಇರುವುದಲ್ಲ. ಕೈಯನ್ನು ಕುಣಿಕೆಯ ಕೆಳಗಿನಿಂದ ಮೇಲಕ್ಕೆ ತೂರಿಸಿ, ಪಟ್ಟಿಯನ್ನೂ ಸೇರಿಸಿ ಹಿಡಿಯನ್ನು ಹಿಡಿದರೆ ದೇಹದ ಭಾರ ಮಣಿಕಟ್ಟಿನಿಂದ ಪಟ್ಟಿಗೆ, ಪಟ್ಟಿಯಿಂದ ಕೋಲಿಗೆ ಇಳಿಯುತ್ತದೆ. ಬೆರಳು ಬಿಗಿಹಿಡಿಯುವ ಕಷ್ಟ ತಪ್ಪುತ್ತದೆ. ಸಮತಟ್ಟಿನ ಹಿಮದ ಮೇಲೆ ಕಿಲೋಮೀಟರುಗಟ್ಟಲೆ ಸಾಗುವ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಂತೂ ಪಟ್ಟಿ ಇಲ್ಲದಿದ್ದರೆ ಕೆಲಸವೇ ನಡೆಯದು. ಅಲ್ಲಿ ನೂಕಿನ ಕೊನೆಯಲ್ಲಿ ಕೈ ಹಿಂದಕ್ಕೆ ಹೋದಾಗ ಬೆರಳುಗಳು ತೆರೆದುಕೊಳ್ಳುತ್ತವೆ, ಕೋಲನ್ನು ಪಟ್ಟಿಯೇ ಹಿಡಿದಿರುತ್ತದೆ. ಈ ಬಗೆಯ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿರುವ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರಂಥವರಿಗೆ ಕೋಲು, ಪಟ್ಟಿ, ತೋಳು ಮೂರೂ ಸೇರಿ ಒಂದೇ ಅಂಗ.

ಇಳಿಜಾರಿನ ಸ್ಕೀಯಿಂಗ್‌ನಲ್ಲಿ ಇದೇ ಪಟ್ಟಿ ಕೆಲವೊಮ್ಮೆ ಶತ್ರುವಾಗುತ್ತದೆ. ಬೀಳುವಾಗ ಅಂಗೈ ಚಾಚಿ ನೆಲಕ್ಕೆ ಊರುವುದು ಎಲ್ಲರಲ್ಲೂ ಇರುವ ಸಹಜ ಪ್ರತಿಕ್ರಿಯೆ. ಅಂಗೈಯಲ್ಲಿ ಕೋಲಿನ ಹಿಡಿ ಉಳಿದಿದ್ದರೆ ಅದು ಹೆಬ್ಬೆರಳನ್ನು ಮೀಟುಗೋಲಿನಂತೆ ಹೊರಕ್ಕೆ ಮೀಟುತ್ತದೆ. ಹೆಬ್ಬೆರಳಿನ ಬುಡದ ಗಂಟಿನ ಒಳಬದಿಯ ಅಸ್ಥಿಬಂಧ ಹರಿಯುತ್ತದೆ. ವೈದ್ಯರು ಇದನ್ನು ಸ್ಕೀಯರ್ಸ್ ಥಂಬ್ ಎಂದೇ ಕರೆಯುತ್ತಾರೆ. ಇದಕ್ಕೊಬ್ಬ ಅಣ್ಣ ಉಂಟು. ಸ್ಕಾಟ್ಲೆಂಡಿನ ಬೇಟೆಕಾಡುಗಳ ಕಾವಲುಗಾರರು ಮೊಲದ ಕತ್ತು ಮುರಿದು ಮುರಿದು ಅದೇ ಅಸ್ಥಿಬಂಧ ಸಡಿಲವಾಗಿ ನರಳುತ್ತಿದ್ದುದನ್ನು 1955ರಲ್ಲಿ ಕ್ಯಾಂಬೆಲ್ ಎಂಬ ಶಸ್ತ್ರವೈದ್ಯರು ದಾಖಲಿಸಿದ್ದರು. ಕಾವಲುಗಾರರಿಗೆ ವರ್ಷಗಟ್ಟಲೆ ಸವೆದು ಆಗುತ್ತಿದ್ದುದು ಸ್ಕೀಯವರಿಗೆ ಒಂದೇ ಸಲ ಬಿದ್ದಾಗ ಆಗಿಬಿಡುತ್ತದೆ. 1962ರಲ್ಲಿ ಸ್ವೀಡನ್ನಿನ ಬರ್ಟಿಲ್ ಸ್ಟೇನರ್ ಇನ್ನೊಂದು ಸೂಕ್ಷ್ಮ ತೋರಿಸಿದರು: ಹರಿದ ತುದಿ ಕೆಲವೊಮ್ಮೆ ಪಕ್ಕದ ಸ್ನಾಯುಪೊರೆಯ ಹೊರಗೆ ಸಿಕ್ಕಿಬೀಳುತ್ತದೆ. ಹಾಗಾದರೆ ಎಷ್ಟು ದಿನ ಪಟ್ಟು ಹಾಕಿದರೂ ಅದು ತಾನಾಗಿ ಕೂಡಿಕೊಳ್ಳದು, ಶಸ್ತ್ರಕ್ರಿಯೆಯೇ ಆಗಬೇಕು.

ಮರಗಳ ನಡುವೆ ಇಳಿಯುವಾಗ, ಹಿಮಕುಸಿತದ ಭಯವಿರುವ ಕಡೆ ನಡೆಯುವಾಗ ಬಲ್ಲವರು ಪಟ್ಟಿ ಬಿಚ್ಚುತ್ತಾರೆ. ಕೊಂಬೆಗೆ ಸಿಕ್ಕಿದ ಕೋಲು ಭುಜವನ್ನೇ ಕೀಳಬಾರದು, ಹಿಮದಡಿ ಸಿಲುಕಿದ ಕೋಲು ಲಂಗರಿನಂತೆ ಕೆಳಕ್ಕೆಳೆಯಬಾರದು. ಚೇರ್‌ಲಿಫ್ಟ್‌ನ ಹತ್ತಿರವೂ ಇದೇ ನ್ಯಾಯ, ಇಲ್ಲಿ ಕೊಂಬೆಯ ಬದಲು ಕುರ್ಚಿಯಿದೆ, ಅದರ ಹಿಂದೆ ಟನ್‌ಗಟ್ಟಲೆ ಭಾರವನ್ನು ಎಳೆಯುವ ಮೋಟರಿದೆ. ಸೀಟಿನ ಪಟ್ಟಿಗಳ ಸಂದಿಗೋ ಕೈಯಾನಿಕೆಗೋ ಬಾಸ್ಕೆಟ್ ಸಿಕ್ಕಿಕೊಂಡಾಗ ಮಣಿಕಟ್ಟು ಕುಣಿಕೆಯಲ್ಲಿದ್ದರೆ ಇಳಿಯುವವರನ್ನು ಕುರ್ಚಿ ತನ್ನೊಂದಿಗೆ ಎಳೆದುಕೊಂಡೇ ಹೋಗುತ್ತದೆ. ಕುಣಿಕೆಯಲ್ಲಿ ಕೈ ಇಲ್ಲದಿದ್ದರೆ ಹೋಗುವುದು ಬರೀ ಕೋಲು. ಲಿಫ್ಟ್ ಹತ್ತುವಲ್ಲಿನ ಫಲಕಗಳಲ್ಲಿ ಪಟ್ಟಿ ಬಿಚ್ಚಿ ಎಂಬ ಸೂಚನೆ ಸಾಮಾನ್ಯವಾಗಿರುವುದು ಇದಕ್ಕೇ. ಬೆನ್ನಿಗೆ ಚೀಲ ಹಾಕಿದವರು ಅದನ್ನು ಎದೆಗೆ ತಿರುಗಿಸಿಕೊಳ್ಳುವುದೂ ಇದಕ್ಕೇ. ತಯಾರಕರೂ ಈ ದಿಕ್ಕಿನಲ್ಲಿ ತಲೆ ಓಡಿಸಿದ್ದಾರೆ. ಲೆಕಿ ಕಂಪನಿಯ ಟ್ರಿಗ್ಗರ್ ಹಿಡಿಯಲ್ಲಿ ಕೈಗವಸಿನ ಕುಣಿಕೆ ಹಿಡಿಯೊಳಕ್ಕೆ ಚಿಲಕದಂತೆ ಕಚ್ಚಿಕೊಳ್ಳುತ್ತದೆ, ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿದರೆ ಬಿಡುಗಡೆ. ಸಾಲಿನಲ್ಲಿ ನಿಂತು ದಪ್ಪ ಗವಸಿನ ಕೈಯಿಂದ ಪಟ್ಟಿಯೊಡನೆ ಹೆಣಗುವ ಕಷ್ಟವನ್ನು ಅದು ಒಂದು ಟಕ್ ಎಂಬ ಸದ್ದಿಗೆ ಇಳಿಸಿದೆ.

ಎರಡು ಕೋಲನ್ನೂ ಯಾವ ಕೈಯಲ್ಲಿ ಹಿಡಿಯಬೇಕು? ಅಂಚಿನ ಸೀಟಿನವರಿಗೆ ಉತ್ತರ ಸುಲಭ, ಒಳಗಿನ ಕೈಯಲ್ಲಿ. ಹೊರಗಿನ ಭುಜದ ಮೇಲಿಂದ ಕುರ್ಚಿ ನೋಡಬೇಕು, ಹೊರಗಿನ ಕೈಯಿಂದ ಅದರ ಅಂಚು ಹಿಡಿದು ತುಸು ತಡೆಯಬೇಕು. ನಡುವೆ ಕೂರುವವರಿಗೆ ಹೊರಗೂ ಇಲ್ಲ ಒಳಗೂ ಇಲ್ಲ, ಅವರು ಕೋಲುಗಳನ್ನು ಎದೆಗೆ ಹತ್ತಿರ, ಮೊನೆ ಹಿಮ ಮುಟ್ಟದಷ್ಟು ಎತ್ತಿ ಹಿಡಿಯುತ್ತಾರೆ. ವರ್ಮಾಂಟ್ ರಾಜ್ಯದ ಮ್ಯಾಡ್ ರಿವರ್ ಗ್ಲೆನ್‌ನಲ್ಲಿ 1948ರ ಒಂಟಿ ಕುರ್ಚಿಯ ಲಿಫ್ಟನ್ನು 2007ರಲ್ಲಿ ಜೀರ್ಣೋದ್ಧಾರ ಮಾಡಿ ಇಂದಿಗೂ ಓಡಿಸುತ್ತಿದ್ದಾರೆ. ಅಲ್ಲಿ ಪಕ್ಕದವರ ಮೊಣಕಾಲಿನ ಚಿಂತೆಯೇ ಇಲ್ಲ. ಕುರ್ಚಿಗೆ ಇಬ್ಬರು, ನಾಲ್ವರು, ಆರು ಜನ ಆಗುತ್ತ ಹೋದಂತೆ ಕೋಲು ಹಿಡಿಯುವುದು ಒಬ್ಬರ ಸ್ವಂತ ವಿಷಯವಾಗಿ ಉಳಿಯದೆ ನೆರೆಹೊರೆಯ ವ್ಯವಹಾರವಾಯಿತು.

ಕುಳಿತ ಮೇಲೆ ಇನ್ನೊಂದು ಅಧ್ಯಾಯ. ಈಗ ಐದೋ ಹತ್ತೋ ನಿಮಿಷ ಬಿಡುವು. ಈ ಬಿಡುವಿನಲ್ಲೇ ಕೈಗೆ ನೂರು ಕೆಲಸ: ಮೂಗೊರೆಸಬೇಕು, ಕನ್ನಡಕದ ಮಂಜು ತೆಗೆಯಬೇಕು, ಬೂಟಿನ ಬಿಗಿ ಸರಿಮಾಡಬೇಕು, ಜೇಬಿನ ಚಾಕೊಲೇಟು ಮುರಿಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಬೆರಳು ಬೆಚ್ಚಗಾಗಬೇಕು. ಗಾಳಿಯಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿ, ಹೊಸ ಬಗೆಯ ವೇಗದ ಲಿಫ್ಟಾದರೆ ಸೆಕೆಂಡಿಗೆ 5 ಮೀಟರ್ ಅಂದರೆ ಗಂಟೆಗೆ 18 ಕಿಲೋಮೀಟರ್. ಅಮೆರಿಕ, ಕೆನಡಾಗಳು 2001ರಿಂದ ಬಳಸುತ್ತಿರುವ ಚಳಿಗಾಳಿಯ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿದರೆ, ಎಲೆಯೂ ಅಲುಗದ ದಿನವೂ ಮುಖಕ್ಕೆ ಸೊನ್ನೆಗಿಂತ 17 ಡಿಗ್ರಿ ಕೆಳಗಿನ ಚಳಿ ಹೊಡೆದಂತಾಗುತ್ತದೆ. ಬೆರಳಿನ ಚರ್ಮ ಸುಮಾರು 15 ಡಿಗ್ರಿಗಿಂತ ತಣ್ಣಗಾದರೆ ಅದರ ಚುರುಕು ಕುಗ್ಗುತ್ತದೆ. ಅಂಥ ಮರಗಟ್ಟಿದ ಬೆರಳಲ್ಲಿ ಅಲ್ಯೂಮಿನಿಯಂ ಕೊಳವೆಯನ್ನು ಹಿಡಿದು ಕೂರುವುದು ಹಿಂಸೆ. ಬಿದಿರಿಗಿಂತ ನೂರಾರು ಪಟ್ಟು ವೇಗವಾಗಿ ಶಾಖ ಸಾಗಿಸುವ ಲೋಹ ಅದು. ಹಿಡಿಯನ್ನು ರಬ್ಬರು, ಪ್ಲಾಸ್ಟಿಕ್, ಬೆಂಡಿನಿಂದ ಮಾಡುವುದರ ಅರ್ಥ ಈಗ ಹೊಳೆಯುತ್ತದೆ. ಆದರೆ ಜೋಡಿ ಕೋಲನ್ನು ಅಲುಗದಂತೆ ಹಿಡಿಯಲು ನಡುಭಾಗವೇ ಬೇಕು, ಭಾರದ ಸಮತೋಲ ಇರುವುದು ಆ ಕಡೆ. ಆ ನಡುಭಾಗವೋ ಬರಿ ಲೋಹ.

ಹೀಗಾಗಿ ಕೋಲಿಗೆ ಕೈಯಲ್ಲದ ಬೇರೆ ಜಾಗ ಹುಡುಕುತ್ತಾರೆ. ಎಲ್ಲ ಸ್ಕೀ ದೇಶಗಳಲ್ಲೂ ಕಾಣುವ ಜಾಗ ತೊಡೆಯ ಅಡಿ. ಕುಳಿತವರು ಒಂದು ತೊಡೆಯನ್ನು ತುಸು ಎತ್ತಿ, ಎರಡು ಹಿಡಿಗಳನ್ನೂ ಕೆಳಗೆ ತೂರಿಸಿ, ಮತ್ತೆ ಭಾರ ಬಿಡುತ್ತಾರೆ. ಕೊಳವೆಗಳು ಮಂಡಿಯಿಂದ ಮುಂದಕ್ಕೆ, ತುಸು ಕೆಳಮುಖವಾಗಿ ಚಾಚಿರುತ್ತವೆ. ದೇಹದ ಭಾರ ಒತ್ತಿದಷ್ಟೂ ಘರ್ಷಣೆ ಹೆಚ್ಚು. ಕಾಲು ಕಿಲೋ ಆಸುಪಾಸಿನ ಒಂದೊಂದು ಕೋಲನ್ನು ಹಿಡಿದಿಡಲು ಅದು ಧಾರಾಳ ಸಾಕು. ಎರಡೂ ಕೈ ಬಿಡುಗಡೆ.

ಅಪಾಯ ಇರುವುದು ಮರೆವಿನಲ್ಲಿ. ಪಕ್ಕದವರಿಗೆ ಏನೋ ತೋರಿಸಲು ಹೊರಳಿದಾಗ, ಜೇಬಿಗೆ ಕೈ ಹಾಕಲು ಸೊಂಟ ಎತ್ತಿದಾಗ ಒತ್ತಡ ಒಮ್ಮೆಲೇ ಕರಗುತ್ತದೆ. ಕೋಲು ಜಾರಲು ಅರೆಕ್ಷಣ ಸಾಕು. ಹತ್ತು ಮೀಟರ್ ಎತ್ತರದಿಂದ ಬಿದ್ದ ಕೋಲು ಒಂದೂವರೆ ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ, ಮುಟ್ಟುವಾಗ ಅದರ ವೇಗ ಗಂಟೆಗೆ 50 ಕಿಲೋಮೀಟರ್. ಲಿಫ್ಟಿನ ದಾರಿಯ ಕೆಳಗೇ ಜನ ಸ್ಕೀ ಮಾಡುವ ಬೆಟ್ಟಗಳು ಎಷ್ಟೋ ಇವೆ. ಚೂಪು ಮೊನೆಯ ವಸ್ತು ಆ ವೇಗದಲ್ಲಿ ತಲೆಯ ಮೇಲೆ ಬರುವುದೆಂದರೆ ಸಣ್ಣ ಮಾತಲ್ಲ.

ತೊಡೆಯಡಿಯ ಜಾಗವನ್ನು ಒಪ್ಪದವರು ಬಾಸ್ಕೆಟ್‌ಗಳನ್ನು ಕಾಲಾನಿಕೆಯ ಮೇಲಿಟ್ಟು ಹಿಡಿಗಳನ್ನು ಮಂಡಿಗಳ ನಡುವೆ ಒತ್ತಿಕೊಳ್ಳುತ್ತಾರೆ. ಕಾಲಾನಿಕೆ ಇರುವುದು ಸುರಕ್ಷೆಯ ಕಂಬಿಯಲ್ಲಿ, ಕಂಬಿ ಇಳಿಸಿದ ಮೇಲಷ್ಟೇ ಇದು ಸಾಧ್ಯ, ಅದನ್ನು ಎತ್ತುವ ಮೊದಲು ನೆನಪಿಟ್ಟು ಕೋಲು ತೆಗೆಯಬೇಕು. ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಳ್ಳುವವರೂ ಇದ್ದಾರೆ. ಒಬ್ಬರೇ ಇದ್ದರೆ ಸರಿ, ಜೊತೆಗೆ ಮೂವರಿದ್ದರೆ ಕಂಬಿ ಎತ್ತುವ ಹೊತ್ತಿಗೆ ಎಲ್ಲರ ಹೊಟ್ಟೆಯ ಮುಂದೂ ಒಂದು ಅಗುಳಿ. ಪಟ್ಟಿಯನ್ನು ಕಂಬಿಯ ತುದಿಗೋ ಕೈಯಾನಿಕೆಗೋ ನೇತುಹಾಕುವುದು ಎಲ್ಲಕ್ಕಿಂತ ಕೆಟ್ಟ ರೂಢಿ. ಹತ್ತು ನಿಮಿಷದ ಆರಾಮಕ್ಕಾಗಿ ಇಳಿಯಲು ಸಿಗುವ ಮೂರು ಸೆಕೆಂಡಿಗೆ ಗಂಟು ಹಾಕಿಟ್ಟಂತೆ ಅದು.

ಆ ಮೂರು ಸೆಕೆಂಡಿನ ವಿಜ್ಞಾನ ಶಾಲೆಯ ಕಪ್ಪುಹಲಗೆಯ ಮುಂದೆ ಅರ್ಥವಾಗುತ್ತದೆ. ಬಳಪವನ್ನು ಹಲಗೆಯ ಮೇಲೆ ಹಿಂದಕ್ಕೆ ವಾಲಿಸಿ ಎಳೆದರೆ ಗೆರೆ ನುಣ್ಣಗೆ ಬರುತ್ತದೆ. ಅದನ್ನೇ ಮುಂದಕ್ಕೆ ವಾಲಿಸಿ ಮೊನೆ ಮುಂದಾಗಿ ನೂಕಿ ನೋಡಿ. ಬಳಪ ಕೀರಲಿಡುತ್ತದೆ, ಕುಪ್ಪಳಿಸುತ್ತದೆ, ಗೆರೆಯ ಬದಲು ಚುಕ್ಕಿಗಳ ಸಾಲು ಮೂಡುತ್ತದೆ. ಎಳೆಯುವಾಗ ಘರ್ಷಣೆ ಬಳಪವನ್ನು ಹಲಗೆಯಿಂದ ಬಿಡಿಸುವ ಕಡೆಗೆ ತಿರುಗಿಸುತ್ತದೆ. ನೂಕುವಾಗ ಅದೇ ಘರ್ಷಣೆ ಮೊನೆಯನ್ನು ಹಲಗೆಗೆ ಇನ್ನಷ್ಟು ಒತ್ತುತ್ತದೆ, ಒತ್ತಿದಷ್ಟೂ ಘರ್ಷಣೆ ಬೆಳೆಯುತ್ತದೆ. ಫ್ರಾನ್ಸಿನ ಗಣಿತಜ್ಞ ಪಾಲ್ ಪೆಂಲೆವೆ 1895ರಲ್ಲಿ ಒರಟು ನೆಲದ ಮೇಲೆ ಜಾರುವ ಸರಳಿನ ಲೆಕ್ಕ ಹಾಕುತ್ತ ಈ ತೊಡಕಿನ ಒಳಹೊಕ್ಕರು. ಘರ್ಷಣೆ ಒಂದು ಮಿತಿ ಮೀರಿದರೆ ಗಟ್ಟಿವಸ್ತುಗಳ ಮಾಮೂಲಿ ಸಮೀಕರಣಗಳು ಉತ್ತರವನ್ನೇ ಕೊಡದೆ ಕೈಚೆಲ್ಲುತ್ತವೆ ಎಂದು ತೋರಿಸಿದರು. ಪೆಂಲೆವೆಯ ವಿರೋಧಾಭಾಸ ಎಂದು ಇಂದಿಗೂ ಅದಕ್ಕೆ ಹೆಸರು. ಮುಂದೆ ಅವರು ಎರಡು ಬಾರಿ ಫ್ರಾನ್ಸಿನ ಪ್ರಧಾನಿಯೂ ಆದರು.

ಕುರ್ಚಿ ಇಳಿಯುವ ತಾಣಕ್ಕೆ ಬರುವಾಗ ಕೋಲಿನ ಮೊನೆ ಮುಂದಾಗಿ ಕೆಳಕ್ಕೆ ವಾಲಿದ್ದರೆ ಅದು ನೂಕುವ ಬಳಪ. ಹಿಮದಲ್ಲಿ ಸಂಗತಿ ಇನ್ನೂ ಬಿಗಡಾಯಿಸುತ್ತದೆ, ಏಕೆಂದರೆ ಮೊನೆ ಜಾರುವುದನ್ನೇ ಬಿಟ್ಟು ಒಳಗೆ ನಾಟಿಕೊಳ್ಳುತ್ತದೆ. ಕುರ್ಚಿ ಮುಂದೆ ಸಾಗುತ್ತಲೇ ಇದೆ. ಮೊನೆ ನಿಂತಿದೆ, ಹಿಡಿ ಕೈಯಲ್ಲೋ ತೊಡೆಯಡಿಯಲ್ಲೋ ಇದೆ. ಮಲಗಿದ್ದ ಕೋಲು ಮೊನೆಯ ಸುತ್ತ ತಿರುಗಿ ಎದ್ದು ನಿಲ್ಲಲು ಹೊರಡುತ್ತದೆ. 70 ಸೆಂಟಿಮೀಟರಿನ ಜಾಗದಲ್ಲಿ 120 ಸೆಂಟಿಮೀಟರಿನ ಕೋಲು ಎದ್ದು ನಿಲ್ಲಲಾಗದು, ಏನಾದರೊಂದು ಸೋಲಲೇಬೇಕು. ಅಲ್ಯೂಮಿನಿಯಂ ಆದರೆ ಬಾಗುತ್ತದೆ, ಕಾರ್ಬನ್ ನಾರಿನ ಕೋಲಾದರೆ ಬಾಗದೆ ಒಮ್ಮೆಲೇ ಮುರಿಯುತ್ತದೆ. ಎರಡೂ ಆಗದಿದ್ದರೆ ಹಿಡಿ ಸವಾರರ ಹೊಟ್ಟೆಗೋ ಗದ್ದಕ್ಕೋ ಗುದ್ದುತ್ತದೆ.

ಇದನ್ನು ಒಮ್ಮೆ ಕಂಡವರ ರೂಢಿ ಬದಲಾಗುತ್ತದೆ. ಮೇಲಿನ ನಿಲ್ದಾಣ ಇನ್ನೂ ಎರಡು ಕಂಬ ದೂರವಿರುವಾಗಲೇ ಅವರು ಕೋಲುಗಳನ್ನು ತೊಡೆಯಡಿಯಿಂದ ತೆಗೆಯುತ್ತಾರೆ. ಗವಸು ಹಾಕಿ, ಜೇಬಿನ ಜಿಪ್ ಎಳೆದು, ಪಕ್ಕದವರಿಗೆ ಹೇಳಿ ಕಂಬಿ ಎತ್ತುತ್ತಾರೆ. ಎರಡು ಕೋಲೂ ಒಂದೇ ಕೈಯಲ್ಲಿ, ಮೊನೆಗಳು ಹಿಮಕ್ಕಿಂತ ಸಾಕಷ್ಟು ಮೇಲೆ. ಸ್ಕೀಯ ಮೂತಿ ಮೇಲೆತ್ತಿ, ತಳ ಹಿಮ ಮುಟ್ಟಿದಾಗ ಖಾಲಿ ಕೈಯಿಂದ ಸೀಟನ್ನು ತುಸು ಒತ್ತಿ ಎದ್ದು ನಿಲ್ಲುತ್ತಾರೆ. ಇಳಿಜಾರು ಅವರನ್ನು ತಾನೇ ಒಯ್ಯುತ್ತದೆ, ನೂಕಲು ಕೋಲು ಬೇಕಿಲ್ಲ. ಪಟ್ಟಿಗೆ ಕೈ ಮತ್ತೆ ಸೇರುವುದು ಹತ್ತಿಪ್ಪತ್ತು ಮೀಟರ್ ಆಚೆ ಸರಿದು, ಹಿಂದಿನ ಕುರ್ಚಿಯವರಿಗೆ ದಾರಿ ಬಿಟ್ಟ ಮೇಲೆ.

ಎಂಜಿನಿಯರುಗಳು ಸುಮ್ಮನೆ ಕೂತಿಲ್ಲ. 1981ರಲ್ಲಿ ಕೊಲರಾಡೊದ ಬ್ರೆಕನ್‌ರಿಜ್‌ನಲ್ಲಿ ಡೊಪೆಲ್‌ಮೈರ್ ಕಂಪನಿಯ ಕ್ವಿಕ್‌ಸಿಲ್ವರ್ ಲಿಫ್ಟ್ ಬಂದಾಗಿನಿಂದ ಕುರ್ಚಿ ನಿಲ್ದಾಣಕ್ಕೆ ಬಂದಾಗ ಹಗ್ಗದ ಹಿಡಿತ ಬಿಟ್ಟು ಬೇರೆ ಹಳಿಯ ಮೇಲೆ ನಿಧಾನವಾಗಿ ತೆವಳುವ ವ್ಯವಸ್ಥೆ ಹಬ್ಬಿತು. ಬಾನಿನಲ್ಲಿ ಸೆಕೆಂಡಿಗೆ 5 ಮೀಟರ್, ನಿಲ್ದಾಣದಲ್ಲಿ ಸುಮಾರು 1 ಮೀಟರ್. ನಾಟಿದ ಕೋಲು ಎದ್ದು ನಿಲ್ಲಲು ಹೊರಟರೂ ಈಗ ಅದನ್ನು ಬಿಡಿಸಿಕೊಳ್ಳಲು ಉಸಿರೆಳೆಯುವಷ್ಟು ಹೊತ್ತು ಸಿಗುತ್ತದೆ. ಕೆಲವೆಡೆ ಹತ್ತುವ ಜಾಗಕ್ಕೆ ಚಲಿಸುವ ಹಾಸು ಹಾಕಿದ್ದಾರೆ. ನಿಂತವರೂ ಕುರ್ಚಿಯ ದಿಕ್ಕಿಗೇ ಸಾಗುವುದರಿಂದ ಮಂಡಿಗೆ ಬೀಳುವ ಪೆಟ್ಟು ಇಳಿಯುತ್ತದೆ, ಕೋಲಿನಿಂದ ನೂಕುವ ಕೆಲಸವೂ ಬೇಗ ಮುಗಿಯುತ್ತದೆ.

ಇಷ್ಟಾದರೂ ಒಬ್ಬರ ಕೋಲು ಸಿಕ್ಕಿಕೊಂಡರೆ ಆಪರೇಟರ್ ಗುಂಡಿ ಒತ್ತಲೇಬೇಕು. ಮೇಲೇರಲು ಏಳು ನಿಮಿಷ ಬೇಕಾದ ನಾಲ್ಕು ಸೀಟಿನ ತುಂಬಿದ ಲಿಫ್ಟಿನಲ್ಲಿ ಆರು ಸೆಕೆಂಡಿಗೊಂದರಂತೆ 70 ಕುರ್ಚಿ, 280 ಜನ. ಅಷ್ಟೂ ಮಂದಿ ಗಾಳಿಯಲ್ಲಿ ತೂಗಾಡುತ್ತ ಕಾಯುತ್ತಾರೆ. ಅರ್ಧ ನಿಮಿಷ ನಿಂತರೆ ಕೆಳಗಿನ ಸಾಲಿನಲ್ಲಿ ಇಪ್ಪತ್ತು ಜನರ ಸರದಿ ತಪ್ಪಿತು. ಸಾಲಿನಲ್ಲಿ ಪಟ್ಟಿ ಬಿಚ್ಚಿಕೊಳ್ಳುವುದು ಬರೀ ತನ್ನ ಮಣಿಕಟ್ಟಿನ ಹಿತಕ್ಕಾಗಿ ಅಲ್ಲವೆಂದು ಹಳಬರು ಹೊಸಬರಿಗೆ ಸಿಡುಕದೆ ಹೇಳಿಕೊಡುವುದು ಈ ಕಾರಣಕ್ಕೆ.

ಪುಟ್ಟ ಮಕ್ಕಳಿಗೆ ಎಷ್ಟೋ ಸ್ಕೀ ಶಾಲೆಗಳು ಮೊದಲ ದಿನಗಳಲ್ಲಿ ಕೋಲನ್ನೇ ಕೊಡುವುದಿಲ್ಲ. ಸಮತೋಲ ಕಾಲಿನಲ್ಲಿ ಕಲಿಯಲಿ, ಕೋಲಿಗೆ ಜೋತುಬೀಳದಿರಲಿ ಎಂಬುದು ಶಿಕ್ಷಕರ ಲೆಕ್ಕಾಚಾರ. ಅದರ ಇನ್ನೊಂದು ಫಲ ಲಿಫ್ಟಿನಲ್ಲಿ ಕಾಣುತ್ತದೆ. ಆ ಮಕ್ಕಳ ಎರಡೂ ಕೈ ಕುರ್ಚಿಗೆ ಮೀಸಲು, ಕೂತ ಮೇಲೆ ಕಂಬಿಗೆ ಮೀಸಲು. ಅವರೇ ಒಂದೆರಡು ಚಳಿಗಾಲ ಕಳೆದು ಕೋಲು ಹಿಡಿದು ಬಂದಾಗ, ಇಳಿಜಾರು ಬಲ್ಲವರಾಗಿದ್ದರೂ ಲಿಫ್ಟಿನ ಸಾಲಿನಲ್ಲಿ ಮತ್ತೆ ಹೊಸಬರಾಗುತ್ತಾರೆ.

ಜಾಗ್ರತೆಯುಳ್ಳವರ ಕೋಲೂ ಒಂದು ದಿನ ಜಾರುತ್ತದೆ. ಹಾಗೆ ಬೀಳಿಸಿಕೊಂಡವರು ಮೊದಲು ಮಾಡುವ ಕೆಲಸ ಕೆಳಗಿನವರಿಗೆ ಕೇಳುವಂತೆ ಕೂಗುವುದು. ಎರಡನೆಯದು ಹತ್ತಿರದ ಕಂಬದ ನಂಬರು ನೋಡಿಕೊಳ್ಳುವುದು, ಪ್ರತಿ ಕಂಬಕ್ಕೂ ನಂಬರು ಬರೆದಿರುತ್ತದೆ. ಬಗ್ಗಿ ಹಿಡಿಯಲು ಹೋಗುವುದಿಲ್ಲ, ಕೋಲಿನ ಬೆಲೆಗೆ ಮನುಷ್ಯ ಬೀಳಬಾರದು. ಮೇಲೆ ಇಳಿದು, ಒಂಟಿ ಕೋಲು ಹಿಡಿದು, ಒಂದು ಕಾಲದಲ್ಲಿ ಎಲ್ಲರೂ ಇಳಿಯುತ್ತಿದ್ದ ಹಾಗೆ, ಲಿಫ್ಟಿನ ಸಾಲಿನ ಪಕ್ಕದಲ್ಲೇ ಕಂಬ ಎಣಿಸುತ್ತ ನಿಧಾನವಾಗಿ ಬರುತ್ತಾರೆ. ಮೆತ್ತನೆಯ ಹಿಮವಾದರೆ ಕೋಲು ಹಿಡಿಯವರೆಗೂ ಹೂತಿರುತ್ತದೆ. ಆಗ ಮೇಲೆ ತೂಗುತ್ತ ಹೋಗುವ ಕುರ್ಚಿಗಳಿಂದ ಯಾರಾದರೂ ಒಂದು ಕೈ ಚಾಚಿ ಕೂಗುತ್ತಾರೆ, ಇನ್ನೂ ಸ್ವಲ್ಪ ಎಡಕ್ಕೆ, ಆ ಗಿಡದ ಹತ್ತಿರ. ಅವರ ಇನ್ನೊಂದು ಕೈಯಲ್ಲಿ ಎರಡು ಕೋಲೂ ಭದ್ರವಾಗಿರುತ್ತವೆ.